ಸಾವ್ಕಾರನ ಕಣ್ಣು, ಸಾಲಿ ಮಕ್ಕಳ ಚಡ್ಡಿ

ಮಂದಿ ಕಣ್ಣೆದುರಿಗೆ ಕುಂತ್ರ ಜಾಸ್ತಿ ಕೆಲಸ ಮಾಡ್ತಾರೋ, ಅವರ ಪಾಡಿಗೆ ಮನ್ಯಾಗ ಬಿಟ್ರ ಜಾಸ್ತಿ ಮಾಡ್ತಾರೋ ಅಂತ ಪತ್ತೆ ಹಚ್ಚಾಕ ಹೋದೋರಿಗೆ ಏನಾರ ಒಂದು ಆಗೇ ಆಗ್ತೈತಿ. ಹಿಂದೂ ಆಗೈತಿ, ಮುಂದೂ ಆಗ್ತೈತಿ. ನಮ್ಮ ಸಾವ್ಕಾರನಿಗೆ ಆಗಿದ್ದಕ್ಕ ನಾನೇ ಸಾಕ್ಷಿ, ಯಾಕಂದ್ರ ನಡುವ ಸಿಕ್ಕೊಂಡೋನು ನಾನು.

೧. ಕುರ್ಚಿ

ಎಂಬತ್ತರ ದಶಕ ಆಗಷ್ಟೇ ಸುರು ಆಗಿತ್ತು. ಬಿ.ಕಾಂ. ಅರ್ಧಕ್ಕ ಬಿಟ್ಟು ಬಳ್ಳಾರಿ ಕೌಲ್ ಬಜಾರಿನ ಒಂದು ಬಟ್ಟಿ ಹೊಲಿಯೋ ಅಂಗಡಿ ಸೇರಿದ್ದೆ. ಕತ್ತರಿಸಿದ ಬಟ್ಟಿ ಗಂಟು ಹೊತ್ಕೊಂಡು ಬಸ್ ಹತ್ತೋದು, ಕುರುಗೋಡು, ಸಿರಿಗೇರ್ಯಾಗ ಮನಿಯೊಳಗ ಕುಂತು ಹೊಲಿಯೋ ಹೆಣ್ಮಕ್ಕಳಿಗೆ ಕೊಡೋದು, ಹೊಲಿದಿದ್ದನ್ನ ವಾಪಸ್ ತರೋದು. ಕಿಟಕಿ ಸೀಟು, ಗಾಳಿ, ಮ್ಯಾಲೆ ಕೇಳೋರಿಲ್ಲ. ಕಾಲೇಜಿಗಿಂತ ಸಾವಿರ ಪಾಲು ವಾಸಿ.

ಅಪ್ಪ ಮಾತ್ರ ಹೇಳಿಬಿಟ್ಟಿದ್ದ: "ಈ ಕೆಲಸಾನೂ ಹೋದ್ರ ಸಿರುಗುಪ್ಪಕ್ಕ ಹೋಗಿ ನಿಮ್ಮ ಸೋದರಮಾವನ ರೈಸ್ ಮಿಲ್ಲಿನ್ಯಾಗ ಕುಂದ್ರಬೇಕು." ಮಾವ ಎಂಥೋನಂದ್ರ, ನೀರು ಕುಡ್ಯಾಕ ಎದ್ರೂ "ಎಲ್ಲಿಗಲೇ?" ಅನ್ನೋನು.

ಆ ಬ್ಯಾಸಿಗ್ಯಾಗ ಸಾಲಿ ಮಕ್ಕಳ ಖಾಕಿ ಚಡ್ಡಿ ಆರ್ಡರ್ ಬಂತು. ಸಾಲಿ ತೆರಿಯೋದ್ರೊಳಗ ಕೊಡಬೇಕು. ಸಾವ್ಕಾರನಿಗೆ ಮನ್ಯಾಗ ಹೊಲಿಯೋರ ಮ್ಯಾಲೆ ಮೊದಲಿಂದ್ಲೂ ಅನುಮಾನ. "ಕಣ್ಣಿಗೆ ಕಾಣದ ಕೆಲಸ ಕೆಲಸಲ್ಲಲೇ. ಅವರು ಹೊಲೀತಾರೋ, ಮಕ್ಕೊಂತಾರೋ, ಯಾರಿಗ್ಗೊತ್ತು? ಈ ಸಲ ನೋಡೇ ಬಿಡ್ತೀನಿ. ಅಂಗಡಿ ಗಂಟಿಗೆ ಕೆಂಪು ದಾರ ಕಟ್ಟು, ಮನಿ ಗಂಟಿಗೆ ಬಿಳಿ ದಾರ. ಯಾವುದು ಹಿಂದ ಬೀಳ್ತೈತೋ ಅದು ಬಂದ್."

ಬಿಳಿ ದಾರ ಬಂದ್ ಆದ್ರ ನಾನು ರೈಸ್ ಮಿಲ್ಲಿಗೆ.

ಮರುದಿನದಿಂದ ಸಾವ್ಕಾರ ಟೇಲರ್‌ಗಳ ಎದುರಿಗೆ ಕುರ್ಚಿ ಹಾಕ್ಕೊಂಡು ಕುಂತ. ಮಧ್ಯಾಹ್ನ ಊಟಕ್ಕ ಮನಿಗೆ ಹೋಗೋತನಕ ರೆಪ್ಪಿ ಬಡೀತಿರ್ಲಿಲ್ಲ. ಉಂಡು ಮಕ್ಕೊಂಡು, ದೀಪ ಹಚ್ಚೋ ಹೊತ್ತಿಗೆ ಮತ್ತ ಬರೋನು. ನಮ್ಮ ಟೇಲರ್ ಮಾಸ್ತರ್, ಬಿಳಿ ಗಡ್ಡದ ಚಾಚಾ, ನನ್ನ ಕಿವ್ಯಾಗ ಅಂದ: "ಬೇಟಾ, ಇವ್ರು ಹಿಂಗ ನೋಡಾಕತ್ರ ಸೂಜ್ಯಾಗ ದಾರಾನ ಹೋಗವಲ್ದು." ಇಡೀ ಅಂಗಡ್ಯಾಗ ಏನೂ ಮಾಡ್ದೆ ಕುಂತೋನು ಸಾವ್ಕಾರ ಒಬ್ಬನೇ. ಸಂಜಿಗೆ ಎಲ್ಲರಿಗಿಂತ ಹೆಚ್ಚು ದಣದಿರ್ತಿದ್ದೋನೂ ಅವನೇ.

೨. ದಿಂಬು

ಸಿರಿಗೇರ್ಯಾಗ ಒಬ್ಬ ಅಕ್ಕ ಇದ್ಲು. ಆಕಿ ಕೈ ಬಾಳ ಚುರುಕು. ಆದ್ರ ಆಕಿನ್ನ ಹೊಲಿಯಾಕ ಬಿಡೋರು ಯಾರು? ಮಗ್ಗಲ ಮನಿಯಾಕಿ ಹರದ ಜಂಪರ್ ತರ್ತಾಳ, "ಹೆಂಗೂ ಮಿಷನ್ ನಡದೈತಲ್ಲವಾ, ಇದೊಂದು." ಬೀಗರು ಬರ್ತಾರ, ಚಾ ಆಗಬೇಕು. ಚಾ ಕುಡದೋರು ಊಟಕ್ಕೂ ಕುಂತಾರ.

ಒಂದಿನ ಹೋಗಿ ಕೇಳಿದೆ, "ಯಕ್ಕಾ, ಗಂಟೆಲ್ಲೈತಿ?"

ಅಕ್ಕ ಕಣ್ಣಾಗೇ ತೋರಿಸಿದ್ಲು. ಪಡಸಾಲ್ಯಾಗ ಆಕಿ ಮಾವ ನಮ್ಮ ಚಡ್ಡಿ ಗಂಟು ತಲಿಗೆ ಇಟ್ಕೊಂಡು ಗೊರಕಿ ಹೊಡ್ಯಾಕತ್ತಿದ್ದ.

"ಎಬ್ಬಸಕ್ಕಾ, ಬಸ್ಸಿನ ಹೊತ್ತಾತು."

"ನಾ ಎಬ್ಬಸಂಗಿಲ್ಲಪ್ಪ. ಧೈರ್ಯ ಇದ್ರ ನೀ ಎಬ್ಬಸು."

ನನಗೂ ಇರ್ಲಿಲ್ಲ. ಆ ಕಡಿ ಬಸ್ಸು ಹಾರ್ನ್ ಹೊಡ್ಯಾಕತ್ತು. ಉಸಿರು ಹಿಡದು ಗಂಟಿನ ಮೂಲಿ ಮೆಲ್ಲಕ ಎಳದೆ. ಮುದುಕ ಮಗ್ಗಲಾಗಿ ಗಂಟನ್ನ ಎರಡೂ ಕೈಲೆ ತಬ್ಬಿಕೊಂಡ. ಬಸ್ಸು ಹೋತು.

ಹೊತ್ತು ಇಳಿಯೋ ಮುಂದ ಮುದುಕ ಎದ್ದು, ಆಕಳಿಸಿ, ನನ್ನ ಮಾರಿ ನೋಡಿ ಅಂದ: "ಏನೋ ತಮ್ಮಾ, ವಯಸ್ಸಿನ ಹುಡುಗ ಹಿಂಗ ಮಂದಿ ಮನ್ಯಾಗ ಖಾಲಿ ಕುಂತ್ರ ಹೆಂಗ? ಏನಾರ ಕೆಲಸ ಮಾಡಬೇಕು."

೩. ಅಜ್ಜಿ

ಬಿಳಿ ದಾರದ ಗಂಟು ದಿನಾ ಸಣ್ಣದಾಗಾಕತ್ತು. ರೈಸ್ ಮಿಲ್ಲಿನ ಸಪ್ಪಳ ನನ್ನ ಕಿವ್ಯಾಗ ಬರಾಕತ್ತು. ಅಕ್ಕನಿಗೆ ನನ್ನ ಸಂಕಟ ಹೇಳ್ಕೊಂಡೆ. ಆಕಿಗೂ ಸಿಟ್ಟು ಬಂದಿತ್ತು. ಮಿಷನ್ನನ್ನ ಬಸ್ಸಿನ ಮ್ಯಾಲೆ ಹಾಕ್ಕೊಂಡು ಸೀದಾ ಕುರುಗೋಡಿಗೆ, ತವರುಮನಿಗೆ ಹೋಗಿಬಿಟ್ಲು.

ಮುಂದಿನ ಸಲ ಕುರುಗೋಡಿಗೆ ಹೋದ್ರ, ಅಕ್ಕನ ತಾಯಿ, ನಾವೆಲ್ಲ ಅಜ್ಜಿ ಅನ್ನೋರು, ಮನಿ ಹಿಂದಿನ ಹತ್ತಿ ಗೋಡೌನ್ ಖಾಲಿ ಮಾಡಿಸಿ, ನಮಗ ಹೊಲಿಯೋ ಅಷ್ಟೂ ಹೆಣ್ಮಕ್ಕಳನ್ನ ಮಿಷನ್ ಸಮೇತ ಸಾಲಾಗಿ ಕುಂದ್ರಿಸಿದ್ಲು. ತಾನು ಬಾಗಲಾಗ ಕುಂತು ಎಲಿಅಡಕಿ ಕುಟ್ಟಾಕತ್ತಿದ್ಲು. ಒಳಗ ಯಾರಾರ ಮಾತಾಡಿದ್ರ ಕುಟ್ಟೋದು ನಿಲ್ಲೋದು. ಅಷ್ಟಕ್ಕೇ ಎಲ್ಲಾರೂ ಗಪ್.

ಅಷ್ಟೊತ್ತಿಗೆ ಅಜ್ಜಿ ಮಗ ಬಂದ. "ಯವ್ವಾ, ನನ್ನ ಹೇಣ್ತಿನ್ನ ಕಳಸು. ಊಟಕ್ಕ ಬಡಸ್ಲಿ."

"ನಿನ್ನ ಹೇಣ್ತಿ ಕೆಲಸಕ್ಕ ಹೋಗ್ಯಾಳ. ಸಂಜಿಗೆ ಬರ್ತಾಳ."

"ಯವ್ವಾ, ಇಲ್ಲೇ ಕುಂತಾಳಲ್ಲ, ಕಾಣಾಕತ್ತಾಳ."

"ಕಂಡ್ರ ನೋಡ್ಕೊಂಡು ಹೋಗು."

೪. ಗೆದ್ದೋರು ಯಾರು

ಬಿಳಿ ದಾರದ ಗಂಟು ಏರಾಕತ್ತು. ಕೆಂಪು ದಾರದ್ದೂ ಏರಾಕತ್ತು. ಕೆಂಪು ಏರಿದ್ದು ತನ್ನ ಕಣ್ಣಿನ ಮಹಿಮಾ ಅಂತ ಸಾವ್ಕಾರ ಮೀಸಿ ತಿರುವಿದ. ಬಿಳಿ ಏರಿದ್ದು ಮಾತ್ರ ಅವನಿಗೆ ಹಿಡಿಸ್ಲಿಲ್ಲ. "ಎಲ್ಲೋ ಮೋಸ ಐತಿ. ನಡೀಲೇ, ನಾನೂ ಬರ್ತೀನಿ" ಅಂದ.

ಬಸ್ಸಿನ್ಯಾಗ ಕಿಟಕಿ ಸೀಟು ಅವನಿಗೇ ಹೋತು.

ಕುರುಗೋಡಿನ್ಯಾಗ ಗೋಡೌನ್ ಬಾಗಲಕ್ಕ ಕಾಲಿಟ್ಟ ಕೂಡ್ಲೇ ಅಜ್ಜಿ ಕುಟ್ಟೋದು ನಿಲ್ಲಿಸಿದ್ಲು. "ಯಾರಪ್ಪ ನೀನು?"

"ನಾನು ಸಾವ್ಕಾರ."

"ಇದ್ದೀ ಬಿಡು. ಕೆಲಸ ನಡದೈತಿ, ಹೊರಗ ಕುಂದ್ರು."

ಹೊರಗ ಕಟ್ಟಿ ಮ್ಯಾಲೆ ಕುಂತು ಸಾವ್ಕಾರ ಬಾಳೊತ್ತು ಒಳಗೇ ನೋಡಿದ. ಆಮ್ಯಾಲೆ ನಗಾಕತ್ತಿದ. "ಸಾಲಾಗಿ ಕುಂತಾರ, ಎದುರಿಗೆ ಒಬ್ರು ಕಾಯಾಕತ್ತಾರ. ಇದು ಮನಿ ಹೆಂಗಲೇ ಆಗ್ತೈತಿ? ಇದು ಅಂಗಡಿ. ಅಂದ್ರ ಗೆದ್ದಿದ್ದು ಅಂಗಡಿ, ಮನಿ ಸೋತೈತಿ. ನೀ ನಾಳಿಂದ ಬರಬ್ಯಾಡ."

ವಾಪಸ್ ಬರೋ ಮುಂದ ಮನಸಿನ್ಯಾಗ ಮಾವ ಆಗ್ಲೇ "ಎಲ್ಲಿಗಲೇ?" ಅನ್ನಾಕತ್ತಿದ್ದ.

ಬಳ್ಳಾರ್ಯಾಗ ಇಳದಾಗ ಸುಡು ಮಧ್ಯಾಹ್ನ. ಸಾವ್ಕಾರ ಎಂದೂ ಅಂಗಡಿಗೆ ಬರ್ಲಾರದ ಹೊತ್ತು. ಒಳಗ ಹೋದ್ರ ಫ್ಯಾನ್ ತಿರುಗಾಕತ್ತೈತಿ, ರೇಡಿಯೋ ಹಾಡಾಕತ್ತೈತಿ, ಸಾವ್ಕಾರನ ಕುರ್ಚಿ ಮ್ಯಾಲೆ ಬೆಕ್ಕು ಮಕ್ಕೊಂಡೈತಿ. ಮನಷ್ಯಾರು ಒಬ್ರೂ ಇಲ್ಲ.

ಎದುರಿನ ಸೈಕಲ್ ಶಾಪಿನೋನು ಕುಂತಲ್ಲಿಂದನ ಹೇಳಿದ: "ಎಲ್ರೂ ಅವರವರ ಮನ್ಯಾಗ ಹೊಲ್ಯಾಕತ್ತಾರ್ರಿ. ದಿನಾ ಹಿಂಗೇ. ನಿಮ್ಮ ಎದುರಿಗೆ ಕೈ ನಡುಗ್ತಾವಂತ, ಮುಂಜಾನಿ ಬರೇ ಪೆಡಲ್ ತುಳೀತಾರ."

ಸಾವ್ಕಾರ ಬೆಕ್ಕಿನ್ನ ಎಬ್ಬಿಸಿ ಕುರ್ಚಿ ಮ್ಯಾಲೆ ಕುಂತ. "ಹಂಗಾರ ಗೆದ್ದೋರು ಯಾರಲೇ?"

ಕೆಲಸಂತೂ ಹೋಗೈತಿ, ಇನ್ನೇನು ಅಂಜಿಕಿ. ಹೇಳೇ ಬಿಟ್ಟೆ: "ಅಂಗಡಿಯೋರು ಮನ್ಯಾಗ ಕುಂತು ಚಲೋ ಹೊಲದಾರ, ಮನಿಯೋರು ಗೋಡೌನ್ಯಾಗ ಕುಂತು ಚಲೋ ಹೊಲದಾರ. ಎರಡೂ ಕಡಿ ಇರ್ಲಾರದೋರು ಅಂದ್ರ ನೀವೊಬ್ರೇ, ಸಾವ್ಕಾರ್ರ."

ಸಾವ್ಕಾರ ನನ್ನನ್ನ ಹೊಡೀಲಿಲ್ಲ. ಯೋಚನಿ ಮಾಡಿದ. ತನ್ನ ಕಣ್ಣಿಂದ ಆಗ್ಲಾರದ್ದು ಅಜ್ಜಿ ಕಣ್ಣಿಂದ ಆಗ್ತೈತಿ ಅಂತ, ಆಕಿನ್ನ ಬಳ್ಳಾರಿ ಅಂಗಡಿಗೆ ಕರ್ಯಾಕ ನನ್ನನ್ನೇ ಕಳಿಸಿದ.

ಅಜ್ಜಿ ಅಂದ್ಲು, "ನಾ ಮನಿ ಬಿಟ್ಟು ಬರಂಗಿಲ್ಲ. ಬೇಕಾದ್ರ ನಿಮ್ಮ ಟೇಲರ್‌ಗಳನ್ನ ಇಲ್ಲಿಗೆ ಕಳಿಸು."

ಹಿಂಗಾಗಿ ನನ್ನ ಕೆಲಸ ಉಳೀತು. ಆ ಆರ್ಡರ್ ಮುಗಿಯೋತನಕ ಚಡ್ಡಿ ಗಂಟಿನ ಜೋಡಿ ಕೌಲ್ ಬಜಾರಿನ ಟೇಲರ್‌ಗಳನ್ನೂ ದಿನಾ ಬಸ್ಸಿಗೆ ಹತ್ತಿಸಿ ಕುರುಗೋಡಿಗೆ ಒಯ್ಯಾಕತ್ತಿದೆ. ಮೊದಲ್ನೇ ದಿನಾನ ತಡ ಆತು. ಚಾಚಾ ಟೊಪಗಿ ಸರಿ ಮಾಡ್ಕೊಂಡು ಬಾಗಲಾಗ ನಿಂತು, "ಅಮ್ಮಾ, ಬಸ್ಸು ಕೆಟ್ಟು ನಿಂತಿತ್ತು, ಖರೇನ" ಅಂದ.

ಅಜ್ಜಿ ಕುಟ್ಟೋದು ನಿಲ್ಲಿಸಿ ಅವನನ್ನ ಮ್ಯಾಲಿಂದ ಕೆಳಗ ನೋಡಿದ್ಲು.

"ಒಳಗ ಹೋಗಿ ನನ್ನ ಸೊಸಿ ಮಗ್ಗಲ ಕುಂದ್ರು. ಹೊಲಿಯೋದು ನಿನಗ ಬರ್ತೈತಿ. ಸುಳ್ಳು ಹೇಳೋದು ಆಕಿ ಕಲಿಸ್ತಾಳ."