ಕಿಟಕಿ ಪಕ್ಕದ ಮೇಜಿನ ಕರಾರು

ಪುಸ್ತಕ ಹೊಲಿದು ರಟ್ಟು ಕಟ್ಟುವ ಆ ಅಂಗಡಿಯಲ್ಲಿ ಅಣ್ಣತಮ್ಮಂದಿರು ಇಬ್ಬರು, ಕಿಟಕಿ ಮಾತ್ರ ಒಂದೇ. ಬೆಳಕು ಬೀಳುವ ಮೇಜು ಯಾರದೆಂದು ಇಪ್ಪತ್ತೆಂಟು ವರ್ಷಗಳಿಂದ ಅವರು ದಿನವೂ ಬೆಳಿಗ್ಗೆ ಕಿತ್ತಾಡುತ್ತಿದ್ದರು. ಆಮೇಲೆ ಒಬ್ಬನ ಹೊಲಿಗೆಯನ್ನು ಇನ್ನೊಬ್ಬ ಹೀಯಾಳಿಸುತ್ತ ಸಂಜೆಯವರೆಗೆ ಸುಖವಾಗಿ ದುಡಿಯುತ್ತಿದ್ದರು.

ಅರವತ್ತು ತುಂಬಿದ ವಾರ ಅಣ್ಣನ ತಲೆಗೊಂದು ದಿವ್ಯವಾದ ಆಲೋಚನೆ ಹೊಳೆಯಿತು. ವ್ಯಾಜ್ಯ ಬಗೆಹರಿಸುವುದನ್ನೇ ವೃತ್ತಿ ಮಾಡಿಕೊಂಡ ಮಧ್ಯಸ್ಥರೊಬ್ಬರನ್ನು ಗೊತ್ತುಮಾಡಿದ.

"ಜಗಳ ಬಿಡಿಸೋಕೆ ನಾನಿರ್ಲಿಲ್ವಾ?" ಎಂದಳು ಹೆಂಡತಿ. "ಇಬ್ಬರಿಗೂ ಊಟ ಇಲ್ಲ ಅಂದಿದ್ರೆ ಮುಗೀತಿತ್ತು."

"ಅದು ಶಾಸ್ತ್ರೀಯ ಅಲ್ಲ ಕಣೇ."

ಮಧ್ಯಸ್ಥರು ಗಂಟೆಗಿಷ್ಟೆಂದು ದುಡ್ಡು ತೆಗೆದುಕೊಳ್ಳುವವರು. ಬಂದವರೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. (ಕೆಮ್ಮು ಬಂದರೂ ಅಣ್ಣ ನುಂಗಿಕೊಂಡ, ಕೆಮ್ಮಿಗೂ ದುಡ್ಡು ತೆರಬೇಕಲ್ಲ.) ಐದು ಸಭೆಗಳಾದ ಮೇಲೆ ಕರಾರು ಸಿದ್ಧವಾಯಿತು. ಕಿಟಕಿ ಒಂದು ವಾರ ಅವನಿಗೆ, ಒಂದು ವಾರ ಇವನಿಗೆ. ಕೊನೆಯ ಕಲಮು: ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಬಾಯಿ ಬಿಡತಕ್ಕದ್ದಲ್ಲ. ಅದನ್ನು ಅಣ್ಣನೇ ಕೇಳಿ ಹಾಕಿಸಿದ್ದ.

"ಇವನ ನಾಲಗೆಗೆ ಒಂದು ಬೀಗ ಬಿದ್ರೆ ಸಾಕು ಸ್ವಾಮಿ."

ಅಣ್ಣನ ಮುಖವನ್ನೊಮ್ಮೆ ನೋಡಿ ತಮ್ಮ ರುಜು ಹಾಕಿದ.

ಅಂಗಡಿ ತಣ್ಣಗಾಯಿತು. ಸೂಜಿ ಕಾಗದವನ್ನು ತೂರುವ ಸದ್ದೂ ಕಿವಿಗೆ ಬೀಳುವಷ್ಟು ತಣ್ಣಗೆ.

ಮೂರನೆಯ ವಾರ ಗ್ರಂಥಾಲಯದವರ ಒಂದೇ ಪುಸ್ತಕದ ನಲವತ್ತು ಪ್ರತಿಗಳು ವಾಪಸು ಬಂದವು. ಅಣ್ಣ ಜೋಡಿಸುವಾಗ ಹದಿನಾರು ಪುಟದ ಮಡಿಕೆಗಳ ಒಂದು ಅಟ್ಟಿಯನ್ನು ತಿರುಗಿಸಿ ಇಟ್ಟುಕೊಂಡಿದ್ದನಾದ್ದರಿಂದ ನಲವತ್ತರಲ್ಲೂ ಅದೇ ಹದಿನಾರು ಪುಟಗಳು ತಲೆಕೆಳಗಾಗಿದ್ದವು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಬೇಕು, ಅದೂ ಅಂಗಡಿಯದೇ ಖರ್ಚಿನಲ್ಲಿ.

"ನೀನು ನೋಡಿರ್ಲಿಲ್ವೇನೋ?"

"ನೋಡಿದ್ದೆ. ನೀನು ಎರಡನೇ ಪುಸ್ತಕ ಹೊಲಿಯೋವಾಗ್ಲೇ."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀನು ಹಾಕಿಸಿದ ಬೀಗ."

ಅಣ್ಣ ಮಧ್ಯಸ್ಥರ ಬಳಿಗೆ ಓಡಿದ. ತಿದ್ದುಪಡಿಯೆಂದರೆ ಹೊಸ ವ್ಯಾಜ್ಯವಿದ್ದಂತೆ, ಶುಲ್ಕವೂ ಹೊಸದೇ. ಇಬ್ಬರೂ ಒಪ್ಪಬೇಕು ಎಂದರು ಅವರು. ಶುಲ್ಕ ಹೇಗೋ ಹೊಂದಿಸಬಹುದು ಎಂದುಕೊಂಡು ಅಣ್ಣ ಹಿಂದಿರುಗಿದ.

"ಆ ಕಲಮು ಹೊಡೆದುಹಾಕೋಣ ಕಣೋ."

"ಬೇಡಣ್ಣ." ತಮ್ಮ ದಾರಕ್ಕೆ ಮೇಣ ಸವರುತ್ತಿದ್ದ. "ಇಷ್ಟು ವರ್ಷ ನಾನು ತಮಾಷೆಗೆ ಬೈತಿದೀನಿ ಅಂದ್ಕೊಂಡಿದ್ದೆ. ನಿನಗೆ ನೋಯ್ತಿತ್ತು ಅಂತ ಗೊತ್ತಾಗಿದ್ದು ಆ ಕಾಗದ ಓದಿದ್ಮೇಲೆ."

ನೋಯುತ್ತಿರಲಿಲ್ಲ ಎನ್ನಬೇಕೆಂದು ಅಣ್ಣ ಬಾಯಿ ತೆರೆದ. ದುಡ್ಡು ಕೊಟ್ಟು ಬರೆಸಿದ ಕಾಗದ ಎದುರಿನ ಗೋಡೆಯ ಮೇಲೆಯೇ ತೂಗುತ್ತಿತ್ತು.

ಮರುದಿನ ಅವನು ಬೇಕೆಂದೇ ಒಂದು ಪುಸ್ತಕವನ್ನು, ಕೆಲಸಕ್ಕೆ ಸೇರಿ ಎರಡು ದಿನವಾಗದವನಂತೆ, ಸೊಟ್ಟಸೊಟ್ಟಗೆ ಹೊಲಿದು ತಮ್ಮನ ಮೂಗಿನ ಕೆಳಗೆ ಇಟ್ಟ. ಕತ್ತೆ, ಕುರುಡ, ಏನಾದರೊಂದು ಬರಲಿ ಎಂದು ಕಾದು ನಿಂತ.

ತಮ್ಮ ಪುಸ್ತಕವನ್ನು ತಿರುಗಿಸಿ ನೋಡಿದ. ಕತ್ತರಿ ತೆಗೆದುಕೊಂಡು ದಾರ ಬಿಚ್ಚಿದ. ಮೊದಲಿನಿಂದ ಹೊಲಿದು, ಎರಡೂ ಕೈಯಿಂದ ಅಣ್ಣನ ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋದ.

ಅಣ್ಣ ಕನ್ನಡಕ ಏರಿಸಿ ಒಂದೊಂದೇ ಹೊಲಿಗೆಯನ್ನು ಬೆರಳಿಟ್ಟು ನೋಡಿದ. ಕರಾರು ಮುರಿದು ಬೈದುಬಿಡೋಣವೆಂದರೂ ಎಲ್ಲಿಯೂ ಒಂದು ತಪ್ಪು ಸಿಗಲಿಲ್ಲ.