ಯಂತ್ರದ ಕಣ್ಣಿಗೆ ಬಿದ್ದವರು

ಬೆಳಗ್ಗೆ ಹತ್ತೂಕಾಲಿಗೆ ಯಂತ್ರವು ಸ್ಟೋರ್‌ಕೀಪರ್ ಇಲ್ಲವೇ ಇಲ್ಲ ಎಂದುಬಿಟ್ಟಿತು. ಅವರೋ ಅದರ ಎದುರಿಗೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಪರದೆಯ ಮೇಲೆ ‘ದಾರಿ ಖಾಲಿ’ ಎಂದು ಹಸಿರು ಅಕ್ಷರ ಮೂಡಿತು. ಟ್ರಾಲಿ ಸೀದಾ ಮುಂದೆ ಹೊರಟಿತು. ಮೂವತ್ತೊಂದು ವರ್ಷ ಸರ್ವೀಸಾದ ಆ ಹಿರಿಯರು, ಆ ವಯಸ್ಸಿನಲ್ಲಿ ಯಾರೂ ಹಾರಬಾರದಷ್ಟು ಎತ್ತರಕ್ಕೆ ಹಾರಿ, ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ ಹೋಗಿ ಕುಳಿತರು.

“ಏನಯ್ಯಾ ಇದು! ಇಷ್ಟು ದೊಡ್ಡ ಮನುಷ್ಯ ನಿಂತಿರೋದು ಕಾಣಲ್ವಾ ಇದಕ್ಕೆ?”

“ಸಾರ್, ಅದರ ಲೆಕ್ಕದಲ್ಲಿ...” ಟಾರ್ಚು ಪರದೆಯನ್ನೊಮ್ಮೆ ನೋಡಿದ. ಸುಳ್ಳು ಹೇಳಲು ಅವನಿಗೆ ಬಾರದು. “ನೀವು ಇಲ್ಲ.”

ಟಾರ್ಚು ಎಂಬುದು ಕಾರ್ಖಾನೆಯವರು ಅವನಿಗಿಟ್ಟ ಹೆಸರು. ಪೆಟ್ಟಿಗೆ ಹೊರುವ ಆ ಟ್ರಾಲಿಗೆ ಮೂತಿಯಲ್ಲಿ ಸುತ್ತಲೂ ನೋಡುವ ಒಂದು ಲೇಸರ್ ಕಣ್ಣಿತ್ತು. ಅದು ಬೆಳಕನ್ನು ಎಸೆಯುತ್ತಿತ್ತು, ಬೆಳಕು ಎದುರಿನ ವಸ್ತುವಿಗೆ ತಾಗಿ ಮರಳುವುದನ್ನು ಕಾಯುತ್ತಿತ್ತು, ಮರಳಲು ಹಿಡಿದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತಿತ್ತು. ಒಂದು ಮೀಟರಿನೊಳಗೆ ಯಾರಾದರೂ ಕಂಡರೆ ಟ್ರಾಲಿ ನಿಲ್ಲಬೇಕು. ಆ ಕಣ್ಣನ್ನು ನೋಡಿಕೊಳ್ಳುವ ಇಂಜಿನಿಯರ್ ನಮ್ಮ ಟಾರ್ಚು. ಗೋಡೆ, ಬಾಗಿಲು, ಬಕೆಟ್ಟು, ಕಂಡಕಂಡದ್ದರ ಮೇಲೆಲ್ಲ ಬೆಳಕು ಬಿಟ್ಟು “ಇದ್ಯಾಕೆ ಹೀಗೆ?” ಎಂದು ತಲೆ ಕೆರೆದುಕೊಳ್ಳುವುದೇ ಅವನ ಕೆಲಸ, ಅದೇ ಅವನ ಚಟ ಕೂಡ.

ಅವನಿಗಿದ್ದ ಒಂದೇ ಒಂದು ಕೊರಗೆಂದರೆ ಜಾಕೆಟ್ಟು. ಆ ಕಾರ್ಖಾನೆಯಲ್ಲಿ ಟೆಂಪರರಿ ನೌಕರರು ಎದೆಯ ಮೇಲೆ ಎರಡು ಬೆಳ್ಳಿ ಪಟ್ಟಿ ಹೊಳೆಯುವ ಹಸಿರು ಜಾಕೆಟ್ ಹಾಕಲೇಬೇಕು. ಖಾಯಂ ಆದವರಿಗೆ ಬೇಡ. ಈಗ ಉಳಿದಿದ್ದ ಟೆಂಪರರಿ ಅವನೊಬ್ಬನೇ. ಎರಡು ವರ್ಷದಿಂದ ಅದನ್ನು ತೊಟ್ಟು ಮನೆಗೆ ನಡೆಯುವಾಗ, ಸ್ಕೂಟರಿನವರು ತಾವಾಗಿಯೇ ಪಕ್ಕಕ್ಕೆ ನಿಲ್ಲಿಸಿ ಲೈಸೆನ್ಸು ತೆಗೆಯುತ್ತಿದ್ದರು. ಇವತ್ತು ನಾಲ್ಕು ಗಂಟೆಗೆ ಪರೀಕ್ಷೆ. ಟ್ರಾಲಿ ಮೂರು ಜನರ ಮುಂದೆ ಸರಿಯಾಗಿ ನಿಂತರೆ ಖಾಯಂ ಮಾಡುತ್ತೇನೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಬೆಳಗ್ಗೆ ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು: “ಸಂಜೆ ಮನುಷ್ಯರ ಬಟ್ಟೆಯಲ್ಲಿ ಬನ್ನಿ.”

ಟ್ರಾಲಿಯದೂ ಒಂದು ಕಾಟವಿತ್ತು. ಟ್ರಾಲಿಯನ್ನು ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿಗೆ ಕೈ ಎಟುಕುವಷ್ಟು ಹತ್ತಿರದಲ್ಲಿ ಅವನು ಸದಾ ನಡೆಯಬೇಕೆಂದು ನಿಯಮ. ನಡೆದರೆ ಯಂತ್ರ ಅವನನ್ನೇ ಕಂಡು ಹೆಜ್ಜೆಹೆಜ್ಜೆಗೂ ಗಕ್ಕನೆ ನಿಲ್ಲುತ್ತಿತ್ತು. ಸೋಮವಾರ ಬೇಸತ್ತು, ‘ಎರಡು ಬೆಳ್ಳಿ ಪಟ್ಟಿ ಕಂಡರೆ ಅದು ನಾನು, ನಿಲ್ಲಬೇಡ’ ಎಂದು ಅದರ ಪ್ರೋಗ್ರಾಮಿಗೊಂದು ಸಾಲು ಬರೆದು ಹಾಕಿದ್ದ. ಆಮೇಲೆ ಅವರಿಬ್ಬರ ಸಂಸಾರ ಜಗಳವಿಲ್ಲದೆ ಸಾಗಿತ್ತು.

ಈಗ ಸ್ಟೋರ್‌ಕೀಪರ್ ಎದ್ದು ಬಟ್ಟೆ ಕೊಡವಿಕೊಂಡರು. “ಯಾಕೆ ಕಾಣಲಿಲ್ಲ, ಅದನ್ನ ಹೇಳು ಮೊದಲು.”

“ನಿಮ್ಮ ಕಪ್ಪು ಸ್ವೆಟರ್ ಬೆಳಕನ್ನೆಲ್ಲ ನುಂಗಿಬಿಡುತ್ತೆ ಸಾರ್, ವಾಪಸ್ಸೇ ಕೊಡಲ್ಲ. ಅದೊಂದನ್ನ ತೆಗೆದಿಟ್ಟು...”

“ನನ್ನ ಹೆಂಡತಿ ಹೆಣೆದ ಸ್ವೆಟರ್ ಕಣಯ್ಯಾ! ನಿನ್ನ ಡಬ್ಬಕ್ಕೋಸ್ಕರ ತೆಗೀಬೇಕಾ? ಸಾಧ್ಯವೇ ಇಲ್ಲ. ನಾಲ್ಕು ಗಂಟೆಗೆ ಇದನ್ನ ಹಾಕ್ಕೊಂಡೇ ನಿಂತ್ಕೋತೀನಿ. ನಾನಿದೀನಿ ಅಂತ ಅದರ ಬಾಯಲ್ಲೇ ಹೇಳಿಸ್ಬೇಕು.”

ಸುದ್ದಿ ಹಬ್ಬಲು ಎಷ್ಟು ಹೊತ್ತು? ತಾವು ಇದ್ದೇವೋ ಇಲ್ಲವೋ ನೋಡಿಸಿಕೊಳ್ಳಲು ಇಡೀ ಪ್ಯಾಕಿಂಗ್ ವಿಭಾಗ ಸಾಲುಗಟ್ಟಿತು. ಟಾರ್ಚು ಬೆಳಕನ್ನು ನಾಲ್ಕುಪಟ್ಟು ಹೆಚ್ಚಿಸಿದ. ಸ್ಟೋರ್‌ಕೀಪರ್ ಪರದೆಯಲ್ಲಿ ಲಕ್ಷಣವಾಗಿ ಮೂಡಿದರು. ಅಷ್ಟರಲ್ಲಿ ಪ್ಯಾಕಿಂಗ್ ಮೇಡಂ, ಮೈತುಂಬ ಚಮಕಿ ಹೊಲಿದ ಕೈಚೀಲವನ್ನು ಎದೆಗೊತ್ತಿಕೊಂಡು ಮುಂದೆ ಬಂದರು.

“ನಾನೆಲ್ಲಿದೀನಿ ನೋಡ್ರೀ.”

ಚಮಕಿಯ ಹೊಳಪಿಗೆ ಯಂತ್ರದ ಕಣ್ಣು ಕುಕ್ಕಿತು. ಟಾರ್ಚು ಪರದೆ ನೋಡಿ ತಡವರಿಸಿದ. “ಗೋಡೆಯಾಚೆ ಇದೀರಂತೆ ಮೇಡಂ.”

“ಗೋಡೆಯಾಚೆ ಗಂಡಸರ ಬಚ್ಚಲು ಇದೆ ಕಣ್ರೀ!” ಮೇಡಂ ಮುಖ ಕೆಂಪಾಯಿತು. “ನನ್ನನ್ನ ಅಲ್ಲಿಗೆ ಕಳಿಸೋಕೆ ಅದ್ಯಾರು? ಮೊದಲು ಆ ಬೆಳಕು ಕಮ್ಮಿ ಮಾಡಿ!”

ಕಮ್ಮಿ ಮಾಡಿದರೆ ಸ್ಟೋರ್‌ಕೀಪರ್ ಮಾಯ. ಹೆಚ್ಚು ಮಾಡಿದರೆ ಮೇಡಂ ಬಚ್ಚಲಿನಲ್ಲಿ. ಒಂದೂವರೆಯ ತನಕ ಇದೇ ಆಟ. ಸಲಹೆ ಕೊಡುವವರಿಗೇನು ಬರವೇ? ಯಂತ್ರಕ್ಕೊಂದು ಕನ್ನಡಕ ಹಾಕು ಎಂದರು ಸ್ಟೋರ್‌ಕೀಪರ್. ಎಲ್ಲರಿಗೂ ಬಿಳಿ ಬಟ್ಟೆ ಹೊಲಿಸಿ ಎಂದರು ಮೇಡಂ. ಟಾರ್ಚು ಗಡಿಯಾರ ನೋಡಿದ. ಇನ್ನು ಎರಡೂವರೆ ತಾಸು, ಅಷ್ಟೇ.

ಆಗ ಕ್ಯಾಂಟೀನಿನ ಅಕ್ಕ ಟೀ ತಂದಳು.

“ಸಾರ್, ಟೀ,” ಎಂದಳು ಮೆಲ್ಲಗೆ. ಸ್ಟೋರ್‌ಕೀಪರಿಗೆ ಕಿವಿ ಸ್ವಲ್ಪ ಮಂದ, ಅವರು ಅಲುಗಲಿಲ್ಲ. “ಸಾರ್, ಟೀ.” ಇಲ್ಲ. “ಸಾರ್! ಟೀ!” ಅವರು ತಿರುಗಿ ಲೋಟ ತೆಗೆದುಕೊಂಡರು. ಸಣ್ಣ ಸದ್ದಿಗೂ ಬೆಚ್ಚುವ ಮೇಡಂ ಪಕ್ಕಕ್ಕೆ ಬಂದು ಅಕ್ಕ ಬರೀ ಪಿಸುಗುಟ್ಟಿದಳು. ಮೇಡಂ ತಕ್ಷಣ ಕೈ ಚಾಚಿದರು.

ಟಾರ್ಚು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. “ಅಕ್ಕಾ, ಯಾರಿಗೆ ಎಷ್ಟು ಗಟ್ಟಿಯಾಗಿ ಕೂಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ ನಿಮಗೆ?”

“ಅಯ್ಯೋ, ಇದೇನು ದೊಡ್ಡ ವಿದ್ಯೆನಾ? ಮೊದಲು ಎಲ್ಲರನ್ನೂ ಮೆಲ್ಲಗೆ ಕರೀತೀನಿ. ತಿರುಗಿ ನೋಡಿದ್ರೆ ಅಷ್ಟೇ ಸಾಕು. ನೋಡ್ಲಿಲ್ಲ ಅಂದ್ರೆ ಅವರೊಬ್ಬರಿಗೆ ಮಾತ್ರ ಗಟ್ಟಿಯಾಗಿ. ಎಲ್ಲರಿಗೂ ಒಂದೇ ಸಮ ಅರಚಿದ್ರೆ ಮೇಡಂ ಲೋಟ ಬೀಳಿಸ್ತಾರೆ.”

“ಅಕ್ಕಾ!” ಟಾರ್ಚು ಎದ್ದು ಓಡಿದ.

“ಟೀ ಕುಡಿದು ಹೋಗಪ್ಪಾ, ಆರಿಹೋಗುತ್ತೆ!”

ಟೀ ಆರಿತು, ಅದರ ಮೇಲೆ ಕೆನೆ ಕಟ್ಟಿತು. ಟಾರ್ಚು ಬರೆಯುತ್ತಲೇ ಇದ್ದ. ಮೊದಲು ಮಂದ ಬೆಳಕಿನಲ್ಲಿ ಎಲ್ಲ ಕಡೆ ಒಂದು ಸುತ್ತು ನೋಡು. ಎಲ್ಲಿಂದ ಬೆಳಕು ಮರಳಲಿಲ್ಲವೋ ಆ ಜಾಗಕ್ಕೆ ಮಾತ್ರ ಹೆಚ್ಚು ಬಿಡು. ಎಲ್ಲಿಂದ ಜಾಸ್ತಿ ಮರಳಿತೋ ಅಲ್ಲಿಗೆ ಕಮ್ಮಿ ಮಾಡು. ಮೂರೂವರೆಗೆ ಒಮ್ಮೆ ಹಚ್ಚಿ ನೋಡಿದ. ಮೂಲೆಯಲ್ಲಿದ್ದ ಕಪ್ಪು ಛತ್ರಿ ಮತ್ತು ಸ್ಟೀಲ್ ಬಕೆಟ್ಟು ಎರಡೂ ಪರದೆಯಲ್ಲಿ ಪಕ್ಕಪಕ್ಕದಲ್ಲಿ ಮೂಡಿದವು. ಅವನಿಗೆ ಆ ಬಕೆಟ್ಟನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

ನಾಲ್ಕಕ್ಕೆ ಮ್ಯಾನೇಜರ್ ಪೆನ್ನಿನ ಸಮೇತ ಬಂದರು. ಟ್ರಾಲಿ ಹೊರಟಿತು, ಪಕ್ಕದಲ್ಲೇ ಟಾರ್ಚು. ಚಮಕಿ ಚೀಲದ ಮೇಡಂ ಮುಂದೆ ನಿಂತಿತು, ಸರಿಯಾಗಿ ಒಂದು ಮೀಟರ್. ಸ್ಟೀಲ್ ತಟ್ಟೆ ಹಿಡಿದ ಅಕ್ಕನ ಮುಂದೆ ನಿಂತಿತು. ಕೊನೆಗೆ ಕಪ್ಪು ಸ್ವೆಟರಿನ ಸ್ಟೋರ್‌ಕೀಪರ್. ಅವರು ಕಣ್ಣು ಮುಚ್ಚಿಕೊಂಡು, ಹಾರಲು ಮೊಣಕಾಲು ಬಗ್ಗಿಸಿಯೇ ನಿಂತಿದ್ದರು. ಟ್ರಾಲಿ ನಿಂತಿತು.

“ಕಂಡ್ತು!” ಎಂದು ಅವರು ಕೂಗಿದರು. “ನೋಡ್ರಪ್ಪಾ, ನಾನಿದೀನಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು, ಖಾಯಂ ಮಾಡುವ ಕಾಗದದ ಮೇಲೆ ಮೊನೆಯಿಟ್ಟರು. ಅಲ್ಲಿಗೇ ಸಹಿ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಅವರಿಗೂ ಕುತೂಹಲ ಹತ್ತಿಬಿಟ್ಟಿತ್ತು.

“ಒಂದು ಮಾತು. ಇದನ್ನ ಮಾಡಿದವರಿಗೇ ಇದರ ಮೇಲೆ ಎಷ್ಟು ಧೈರ್ಯ ಇದೆ, ನೋಡೋಣ. ನೀವೂ ಒಂದ್ಸಲ ಎದುರಿಗೆ ನಿಂತ್ಕೊಳ್ಳಿ.”

“ಅದಕ್ಕೇನು ಸಾರ್!” ಟಾರ್ಚು ನಗುತ್ತಾ ದಾರಿಯ ನಡುವೆ ಹೋಗಿ ನಿಂತ. ಎದೆ ಉಬ್ಬಿಸಿದ. ಎದೆಯ ಮೇಲಿನ ಬೆಳ್ಳಿ ಪಟ್ಟಿಗಳು ಹಿಂದೆಂದೂ ಇಲ್ಲದಂತೆ ಹೊಳೆದವು.

ಪರದೆಯ ಮೇಲೆ ‘ದಾರಿ ಖಾಲಿ’ ಎಂದು ಮೂಡಿತು.

ಟ್ರಾಲಿ ಬಂದ ವೇಗದಲ್ಲೇ ಅವನ ಮೊಣಕಾಲಿಗೆ ತಾಗಿತು, ಅವನನ್ನು ತಾನು ಹೊತ್ತಿದ್ದ ಪೆಟ್ಟಿಗೆಗಳ ಮೇಲೆ ಕೂರಿಸಿಕೊಂಡಿತು, ಮುಂದೆ ನಡೆಯಿತು. ಕೆಂಪು ಗುಂಡಿ ಒತ್ತಬೇಕಾದವನೇ ಮೇಲೆ ಕುಳಿತಿದ್ದರಿಂದ ಅದನ್ನು ಒತ್ತುವವರು ಯಾರೂ ಇರಲಿಲ್ಲ. ಪ್ಯಾಕಿಂಗ್ ವಿಭಾಗದುದ್ದಕ್ಕೂ ಮೆರವಣಿಗೆ ಮಾಡಿಸಿ, ಸ್ಟೋರ್‌ಕೀಪರಿಗೆ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಅದು ಮರ್ಯಾದೆಯಿಂದ ನಿಂತಿತು.

ಸ್ಟೋರ್‌ಕೀಪರ್ ಬಗ್ಗಿ ಪರದೆ ಓದಿದರು. ಬೆಳಗಿನ ಸಿಟ್ಟೆಲ್ಲ ಅವರ ಮುಖದಿಂದ ಇಳಿದುಹೋಗಿತ್ತು.

“ನಾನಿದೀನಿ,” ಎಂದರು ಮರುಕದಿಂದ. “ನೀನೇ ಇಲ್ಲ ಕಣಪ್ಪಾ.”

ಸೋಮವಾರದ ಸಾಲು ಟಾರ್ಚುವಿಗೆ ಈಗ ನೆನಪಾಯಿತು. “ಸಾರ್, ಒಂದೇ ಸಾಲು ಸಾರ್! ನಾನೇ ಬರೆದಿದ್ದು, ಈಗಲೇ ಅಳಿಸ್ತೀನಿ!”

“ಅಳಿಸಿ, ಅಳಿಸಿ,” ಎಂದು ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿದರು. “ಯಂತ್ರ ಖಾಯಂ. ನಾಳೆಯಿಂದಲೇ ಕೆಲಸಕ್ಕೆ ಹಚ್ಚಿ. ನಿಮ್ಮದು ಮಾತ್ರ ಮುಂದಿನ ಪರೀಕ್ಷೆಗೆ ನೋಡೋಣ, ಆರು ತಿಂಗಳಿಗೆ. ಅಲ್ಲಿ ತನಕ ಜಾಕೆಟ್ ತೆಗೀಬೇಡಿ, ನಿಯಮ.”

ಟಾರ್ಚು ಕುಂಟುತ್ತಾ ಹೋಗಿ ಆ ಸಾಲನ್ನು ಅಳಿಸಿದ. ಹೊರಗೆ ಲಾರಿಯವನು ಹಾರನ್ ಹೊಡೆಯುತ್ತಿದ್ದ, ಪೆಟ್ಟಿಗೆಗಳು ಐದರೊಳಗೆ ಹೋಗಬೇಕಿತ್ತು. ಅವನು ಕೆಂಪು ಗುಂಡಿಯ ಪಕ್ಕಕ್ಕೆ ಬಂದು ನಿಂತು ಟ್ರಾಲಿಯನ್ನು ಹೊರಡಿಸಿದ. ‘ಮನುಷ್ಯ, ಅರ್ಧ ಮೀಟರ್’ ಎಂದಿತು ಪರದೆ. ಟ್ರಾಲಿ ಒಂದಿಂಚೂ ಕದಲಲಿಲ್ಲ.

“ಈಗ ಕಾಣ್ತಿದೀಯಲ್ಲಪ್ಪಾ, ಇನ್ನೇನು ಬೇಕು!” ಎಂದರು ಸ್ಟೋರ್‌ಕೀಪರ್.

ಟಾರ್ಚು ಮೋಟಾರು ಆರಿಸಿ, ಎರಡೂ ಕೈಯಿಂದ ಟ್ರಾಲಿಯನ್ನು ನೂಕತೊಡಗಿದ. ಲಾರಿಯವರೆಗೂ ಪರದೆಯು ಅವನಿದ್ದ ದೂರವನ್ನು ಕೆಂಪು ಅಕ್ಷರಗಳಲ್ಲಿ ಹೇಳುತ್ತಲೇ ಇತ್ತು. ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.