ಇಬ್ಬರು ನಾಗವೇಣಿಯರು, ಒಂದು ಬ್ಯಾನರು

ಈ ಸಲ ಪರೀಕ್ಷೆ ಪಾಸಾದ ಐದು ಮಂದಿಗೆ ನಮ್ಮೂರು ಬೆಳಕೆಯ ಗ್ರಂಥಾಲಯದಲ್ಲಿ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಅವರ ಮನೆಗೆ ಹೋಗಿ ಕರೆಯುವುದು, ಫೋಟೊ ತಂದು ಬ್ಯಾನರು ಮಾಡಿಸುವುದು, ಎರಡೂ ಕೆಲಸಕ್ಕೆ ನಾನೇ ಕೈ ಎತ್ತಿದೆ. ಹೊನ್ನಾವರದಲ್ಲಿ ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದು, ನಿವೃತ್ತನಾಗಿ ಊರಿಗೆ ಬಂದವನು ನಾನು. ಮನೆ ಹುಡುಕುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೆ?

ಗ್ರಂಥಪಾಲಕಿ ಸುಶೀಲಾ ಮೇಡಂ ಪಟ್ಟಿ ಕೊಟ್ಟರು. ನಾಲ್ವರು ಮಕ್ಕಳ ಮನೆಗಳು ಒಂದೇ ಬೆಳಿಗ್ಗೆ ಮುಗಿದವು. ನಾಲ್ಕು ಕಡೆಯೂ ಚಾ ಕುಡಿದೆ. ಐದನೆಯ ಹೆಸರು ನಾಗವೇಣಿ, ಎಸ್ಸೆಸ್ಸೆಲ್ಸಿ, ಕಡಲಬದಿ ಕೇರಿ.

ಕೇರಿಯ ಮೊದಲ ಮನೆಯ ಅಂಗಳದಲ್ಲಿ ಸುಮಾರು ನಲವತ್ತೈದರ ಹೆಂಗಸೊಬ್ಬಳು ಬಂಗಡೆ ಮೀನು ಹೆಚ್ಚುತ್ತಿದ್ದಳು.

"ತಂಗೀ, ನಾಗವೇಣಿ ಮನೆ ಯಾವ್ದು?"

"ಇದೇಯ. ಎಂತ ಆಗ್ಬೇಕಿತ್ತು?"

"ಎಸ್ಸೆಸ್ಸೆಲ್ಸಿ ಪಾಸಾದ ನಾಗವೇಣಿ ಬೇಕಿತ್ತು."

ಅವಳು ಕೈ ಒರೆಸಿಕೊಂಡು ಎದ್ದು ನಿಂತಳು. "ನಾನೇ ಅಣ್ಣ."

ನಾನು ಮನಸಾರೆ ನಕ್ಕೆ. "ತಮಾಷೆಗೆ ಟೈಮಿಲ್ಲ ತಂಗಿ, ಬ್ಯಾನರು ಮಾಡಿಸ್ಬೇಕು!" ಎಂದು ಮುಂದೆ ನಡೆದೆ. ಇಂಥ ಚೇಷ್ಟೆಗಳನ್ನು ನನ್ನ ಸೇವಾವಧಿಯಲ್ಲಿ ಬೇಕಾದಷ್ಟು ಕಂಡಿದ್ದೆ!

ಮೂರನೇ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬಳಿದ್ದಳು. "ನಾಗವೇಣಿನಾ? ನನ್ನ ಮೊಮ್ಮಗಳು!"

"ಪರೀಕ್ಷೆ ಪಾಸಾದಳಾ?"

"ಪಾಸಾಗ್ದೆ ಎಂತ? ಪ್ರತಿ ವರ್ಷ ಪಾಸು!"

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಎರಡು ಜಡೆಯ ಹುಡುಗಿಯ ಫೋಟೊ ಇಸಿದುಕೊಂಡೆ. ಐದನೆಯ ಚಾ ಕುಡಿದೆ.

ಮನೆಯಲ್ಲಿ ಹೆಂಡತಿ ಲಲಿತಾ ಫೋಟೊ ನೋಡಿ ಅನುಮಾನಿಸಿದಳು. "ಈ ಹುಡುಗಿ ಬಾಳ ಸಣ್ಣ ಕಾಣ್ತದಲ್ಲ? ಒಂದ್ಸಲ ಮೇಡಂಗೆ ತೋರ್ಸಿ."

"ಮೂವತ್ತು ವರ್ಷ ನಾನೊಂದೂ ಟಪಾಲು ತಪ್ಪು ಮನೆಗೆ ಕೊಟ್ಟವನಲ್ಲ!"

"ಆತು, ನಿಮ್ಮಿಷ್ಟ," ಎಂದು ಅವಳು ಒಳಗೆ ಹೋದಳು. ಆ ಧ್ವನಿಯ ಅರ್ಥ ಮದುವೆಯಾದವರಿಗೆಲ್ಲ ಗೊತ್ತು. ನನಗೆ ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ.

ಭಾನುವಾರ ಗ್ರಂಥಾಲಯದ ಅಂಗಳದಲ್ಲಿ ಶಾಮಿಯಾನ ತುಂಬಿ ಜನ. ಎಲ್ಲರಿಗೂ ಅಚ್ಚರಿಯಾಗಲೆಂದು ಬ್ಯಾನರಿಗೆ ಬಟ್ಟೆ ಮುಚ್ಚಿಟ್ಟಿದ್ದೆ. ನಿರೂಪಣೆಯೂ ನನ್ನದೇ. ಬಟ್ಟೆ ಸರಿಸಿದೆ. ಸುಶೀಲಾ ಮೇಡಂ ಬ್ಯಾನರು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬ್ಯಾನರು ನೋಡಿ ಕೈಸನ್ನೆ ಮಾಡತೊಡಗಿದರು. ಹೊಗಳಿಕೆಯೆಂದು ತಿಳಿದು ವಿನಯದಿಂದ ತಲೆಬಾಗಿದೆ!

ನಾಲ್ವರ ಸನ್ಮಾನ ಮುಗಿಯಿತು. ಐದನೆಯವಳನ್ನು ಕರೆದು, ಶಾಲು ಹೊದೆಸಿ, "ನಿನ್ನ ಯಶಸ್ಸಿನ ಗುಟ್ಟು ಹೇಳಮ್ಮ," ಎಂದು ಮೈಕು ಹಿಡಿದೆ.

"ನಾನು ಎಂಟನೇ ಕ್ಲಾಸು," ಎಂದಳು ಹುಡುಗಿ. "ಎಸ್ಸೆಸ್ಸೆಲ್ಸಿ ಯಾವಾಗ ಪಾಸಾದೆ ಅಂತ ನಂಗೂ ಗೊತ್ತಿಲ್ಲ."

ಶಾಮಿಯಾನ ಹಾರಿಹೋಗುವಂತೆ ನಗು! ಮೈಕು ನನ್ನ ಕೈಯಿಂದ ಮೇಡಂ ಕೈಗೆ ಹೋಯಿತು.

"ನಮ್ಮ ನಾಗವೇಣಿ ಹಿಂದೆ ನಿಂತಿದ್ದಾಳೆ. ಮೀನು ಮಾರಿ ಬಂದು, ಎರಡು ವರ್ಷ ಇಲ್ಲೇ ಕೂತು ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದವಳು. ಬಾರೇ ಮೇಲೆ!"

ಬಂಗಡೆ ಹೆಚ್ಚುತ್ತಿದ್ದ ಅದೇ ಹೆಂಗಸು! ನಾನು ವೇದಿಕೆಯಲ್ಲಿ ಅಡಗಲು ಜಾಗ ಹುಡುಕಿದೆ. ಮೂವತ್ತು ವರ್ಷದ ಅನುಭವವಿದ್ದರೂ ಸಿಗಲಿಲ್ಲ.

ಅವಳು ಮೈಕಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. "ಈ ಅಣ್ಣ ಮನಿಗೆ ಬಂದಿದ್ರು. ನಾನೇ ಅಂದೆ, ನಂಬಲಿಲ್ಲ. ಆಮೇಲೆ ನಂಗೇ ಡೌಟು ಬಂತು. ಒಳಗೆ ಹೋಗಿ ಮಾರ್ಕ್ಸ್ ಕಾರ್ಡ್ ಮತ್ತೊಂದ್ಸಲ ನೋಡ್ದೆ. ನನ್ನ ಹೆಸರೇ ಇತ್ತು!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ದಿನಾ ಮಧ್ಯಾಹ್ನ ಇಲ್ಲಿ ಇವರ ಎದುರಿಗೇ ಕೂತು ಓದ್ತಿದ್ದೆ," ಎಂದು ಅವಳು ಮುಂದುವರಿಸಿದಳು. "ಪೇಪರು ಮುಖದ ಮೇಲೆ ಇರ್ತಿತ್ತು, ಹಾಂಗಾಗಿ ಇವರಿಗೆ ನಾನು ಕಂಡಿಲ್ಲ. ಗೊರಕೆ ಮಾತ್ರ ನಂಗೆ ಕೇಳ್ತಿತ್ತು."

ಎಲ್ಲರಿಗಿಂತ ಜೋರಾಗಿ ನಕ್ಕವಳು ಲಲಿತಾ. ಶಾಲು ಹೊದ್ದ ಪುಟ್ಟ ನಾಗವೇಣಿ ಅದನ್ನು ತಾನೇ ತೆಗೆದು ದೊಡ್ಡ ನಾಗವೇಣಿಗೆ ಹೊದೆಸಿದಳು. ಆಗ ಇಬ್ಬರ ಕಣ್ಣಲ್ಲೂ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಅದರಲ್ಲಿ ಅರ್ಧ ನಾಚಿಕೆಯದು.

ಕಾರ್ಯಕ್ರಮ ಮುಗಿದ ಮೇಲೆ ದೊಡ್ಡ ನಾಗವೇಣಿಯ ಬಳಿ ಹೋಗಿ ಕ್ಷಮೆ ಕೇಳಿದೆ. "ಇರ್ಲಿ ಬಿಡಿ ಅಣ್ಣ," ಎಂದಳು. "ಈಗ ಪಿಯುಸಿ ಕಟ್ತೆ. ಇಂಗ್ಲಿಷು ಸ್ವಲ್ಪ ಹೇಳಿಕೊಡ್ತ್ರಾ?"

"ಅದಕ್ಕೇನು! ನನಗದು ನೀರು ಕುಡಿದಷ್ಟು ಸುಲಭ," ಎಂದೆ.

ಮರುದಿನ ಮಧ್ಯಾಹ್ನ ಗ್ರಂಥಾಲಯದಲ್ಲಿ ಪಾಠ ಶುರುವಾಯಿತು. ಮೊದಲ ಪುಟದಲ್ಲೇ ಅವಳು ನನ್ನ ಎರಡು ತಪ್ಪು ತಿದ್ದಿದಳು, ಎರಡನೇ ಪುಟದಲ್ಲಿ ಐದು. ಈಗ ಒಂದು ತಿಂಗಳಾಗಿದೆ. ಟ್ಯೂಷನ್ ಚೆನ್ನಾಗಿ ನಡೆಯುತ್ತಿದೆ. ಹೋಮ್‌ವರ್ಕ್ ಮಾತ್ರ ನನಗೆ ಸ್ವಲ್ಪ ಜಾಸ್ತಿ ಕೊಡುತ್ತಾಳೆ.